ಅಣ್ಣ ಬೇಡವೆಂದ ಓದು, ತಂಗಿ ಬಯಸುವ ಓದು

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ಮಗನಿಗೆ 23 ವರ್ಷ, ಮಗಳಿಗೆ 15. ಮಗನಿಗೆ ಎಂಟು ತುಂಬಿದ ವರ್ಷವೇ ನನ್ನ ಪತಿಯ ಕೆಲಸ ಹೋಯಿತು. ಮಗಳು ಹುಟ್ಟಿದ್ದೂ ಅದೇ ವರ್ಷ. ಮುಂದಿನ ಏಳು ವರ್ಷ ಸಾಲದಲ್ಲೇ ಸಂಸಾರ ನಡೆಯಿತು. ಮೂರು ಬಾಡಿಗೆ ಮನೆ ಬದಲಿಸಿದೆವು, ಮಗನ ಶಾಲೆ ಎರಡು ಸಲ ಬದಲಾಯಿತು. ಹಾಗಿದ್ದೂ ಅವನು ಹತ್ತನೆಯ ತರಗತಿಯಲ್ಲಿ ಶೇ 86 ಅಂಕ ಪಡೆದ. ವಿಜ್ಞಾನ ಓದಿಸಿ, ಪದವಿಗೆ ಕಳಿಸಿ ಎಂದು ಶಿಕ್ಷಕರು ಹೇಳಿದರು. ಅಷ್ಟರಲ್ಲಿ ಪತಿಗೆ ಸ್ಥಿರವಾದ ಕೆಲಸ ಸಿಕ್ಕಿತ್ತು. ಶುಲ್ಕದ ಚಿಂತೆ ಬೇಡ ಎಂದು ನಾವೂ ಹೇಳಿದೆವು. ಅವನು ಒಪ್ಪಲಿಲ್ಲ. ಎರಡು ವರ್ಷದ ತಾಂತ್ರಿಕ ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿದ. ಈಗ ಅವನಿಗಿಂತ ಕಡಿಮೆ ಅಂಕ ಪಡೆದಿದ್ದವರು ಪದವಿ ಮುಗಿಸಿಕೊಂಡು ಅವನ ಮೇಲಧಿಕಾರಿಗಳಾಗಿ ಬರುತ್ತಿದ್ದಾರೆ. ಮಗಳ ಅಂಕ ಶೇ 74ರ ಆಸುಪಾಸಿನಲ್ಲಿದೆ. ಆದರೂ ಎಷ್ಟು ವರ್ಷವಾದರೂ ಓದಿ ಸಂಶೋಧನೆ ಮಾಡುತ್ತೇನೆ ಎನ್ನುತ್ತಾಳೆ. ‘ಅವನಿಗೆ ಓದು ಹತ್ತಲಿಲ್ಲ, ಇವಳಿಗೆ ಹತ್ತಿತು’ ಎಂದು ಬಂಧುಗಳು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮೊದಲ ಐದು ವರ್ಷದಲ್ಲೇ ಮಗುವಿನ ಭವಿಷ್ಯ ತೀರ್ಮಾನವಾಗುತ್ತದೆ ಎಂದು ಒಂದು ಭಾಷಣದಲ್ಲಿ ಕೇಳಿದೆ. ಒಂದೇ ಮನೆಯ ಮಕ್ಕಳು ಹೀಗೆ ಬೇರೆಯಾಗುವುದೇಕೆ? ತಪ್ಪಿದ್ದು ನಾವೇ? ಮಗನನ್ನು ಈಗ ಪದವಿಗೆ ಒತ್ತಾಯಿಸಬಹುದೇ? ಮಗಳ ಆಸೆಯನ್ನು ಎಷ್ಟರಮಟ್ಟಿಗೆ ನಂಬಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ನಿಮ್ಮನ್ನು ಕಾಡುತ್ತಿರುವುದು ಒಂದೇ ಎಂದು ನನಗನ್ನಿಸುತ್ತದೆ. ಅಂಕವಿತ್ತು, ಹಣ ಕೊಡಲು ನೀವು ಸಿದ್ಧರಿದ್ದಿರಿ, ಶಿಕ್ಷಕರ ಬೆಂಬಲವೂ ಇತ್ತು. ಇಷ್ಟಿದ್ದೂ ಹದಿನೈದರ ಹುಡುಗನೊಬ್ಬ ಚಿಕ್ಕ ದಾರಿಯನ್ನು ಏಕೆ ಆರಿಸಿಕೊಂಡ ಎಂಬುದು ನಿಮಗೆ ಇನ್ನೂ ಬಗೆಹರಿದಿಲ್ಲ. ಇದಕ್ಕೆ ಉತ್ತರ ಸಿಕ್ಕರೆ ಉಳಿದ ಪ್ರಶ್ನೆಗಳು ತಾವಾಗಿಯೇ ಸಡಿಲವಾಗುತ್ತವೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮೊದಲು ನಿಮ್ಮ ಬಂಧುಗಳ ಮಾತು. ಓದು ಹತ್ತದ ಹುಡುಗ ಎರಡು ಸಲ ಶಾಲೆ ಬದಲಿಸಿಕೊಂಡು ಶೇ 86 ಅಂಕ ತೆಗೆಯುವುದಿಲ್ಲ. ಆದರೂ ಈ ಮಾತು ಎಲ್ಲ ಕಡೆ ಚಾಲ್ತಿಯಲ್ಲಿದೆ. ಕಲಿಯುವ ಸಾಮರ್ಥ್ಯ ಮತ್ತು ಕಲಿಕೆಯನ್ನು ಮುಂದುವರಿಸುವ ನಿರ್ಧಾರ ಎರಡೂ ಒಂದೇ ಎಂದು ನಾವು ಗ್ರಹಿಸಿಬಿಟ್ಟಿರುವುದೇ ಇದಕ್ಕೆ ಕಾರಣ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ರೇಮಂಡ್ ಬೂದೋಂ ಅವರು 1974ರಲ್ಲಿಯೇ ಇವೆರಡನ್ನು ಬೇರ್ಪಡಿಸಿ ನೋಡಿದರು. ಮನೆಯ ಪರಿಸ್ಥಿತಿಯು ಮಗುವಿನ ಕಲಿಕೆಯ ಮೇಲೆ, ಅಂದರೆ ಅಂಕಗಳ ಮೇಲೆ, ಬೀರುವ ಪ್ರಭಾವ ಒಂದು. ಅಂಕಗಳು ಸಮಾನವಾಗಿದ್ದಾಗಲೂ ಯಾರು ಮುಂದೆ ಓದುತ್ತಾರೆ, ಯಾರು ನಿಲ್ಲಿಸುತ್ತಾರೆ ಎಂಬುದರ ಮೇಲೆ ಬೀರುವ ಪ್ರಭಾವ ಇನ್ನೊಂದು. ಹಲವು ದೇಶಗಳಲ್ಲಿ ನಡೆದಿರುವ ಅಧ್ಯಯನಗಳಲ್ಲಿ ಈ ಎರಡನೆಯ ಪ್ರಭಾವ ಮತ್ತೆ ಮತ್ತೆ ಕಂಡುಬಂದಿದೆ: ಒಂದೇ ಅಂಕ ಪಡೆದ ಇಬ್ಬರಲ್ಲಿ ಅನುಕೂಲಸ್ಥ ಮನೆಯ ಮಗು ದೀರ್ಘ ಕೋರ್ಸನ್ನೂ, ಕಷ್ಟದ ಮನೆಯ ಮಗು ಹ್ರಸ್ವ ಕೋರ್ಸನ್ನೂ ಆಯ್ದುಕೊಳ್ಳುವ ಸಂಭವ ಹೆಚ್ಚು. ನಿಮ್ಮ ಮನೆಯಲ್ಲಿ ಇದು ಅಣ್ಣ-ತಂಗಿಯರ ನಡುವೆಯೇ ಕಾಣಿಸಿಕೊಂಡಿದೆ. ಹೆಚ್ಚು ಅಂಕದವನು ಬೇಗ ನಿಂತ. ಕಡಿಮೆ ಅಂಕದವಳು ದೂರದ ದಾರಿಯನ್ನು ನೋಡುತ್ತಿದ್ದಾಳೆ.

ನನ್ನ ಬಳಿ ಸಲಹೆಗೆ ಬರುವ ವಿದ್ಯಾರ್ಥಿಗಳ ಮುಂದೆ ಕೋರ್ಸ್‌ಗಳ ಪಟ್ಟಿಯನ್ನಿಟ್ಟು ಸುಮ್ಮನೆ ಕುಳಿತು ಗಮನಿಸುವ ಅಭ್ಯಾಸ ನನಗಿದೆ. ಪಟ್ಟಿಯಲ್ಲಿ ಕೋರ್ಸಿನ ಹೆಸರು, ಅವಧಿ, ಶುಲ್ಕ, ಮುಂದಿನ ಅವಕಾಶ ಎಂದು ಅಂಕಣಗಳಿರುತ್ತವೆ. ಕೆಲವರ ಬೆರಳು ಹೆಸರುಗಳ ಮೇಲೆ ಮೇಲಿನಿಂದ ಕೆಳಗೆ ಹೋಗುತ್ತದೆ. ಇಷ್ಟವಾದ ಹೆಸರಿನ ಬಳಿ ನಿಂತು ಆಮೇಲೆ ಪಕ್ಕಕ್ಕೆ ಸರಿಯುತ್ತದೆ. ಇನ್ನು ಕೆಲವರ ಬೆರಳು ನೇರವಾಗಿ ಅವಧಿಯ ಅಂಕಣಕ್ಕೇ ಹೋಗುತ್ತದೆ. ಎರಡು ವರ್ಷ, ಮೂರು ವರ್ಷ ಎಂದಿರುವ ಸಾಲುಗಳನ್ನು ಮಾತ್ರ ಗುರುತು ಹಾಕಿಕೊಂಡು, ಅವುಗಳಲ್ಲಿ ಶುಲ್ಕ ನೋಡಿ, ಕೊನೆಗೆ ಉಳಿದವುಗಳಲ್ಲಿ ಹೆಸರು ಓದುತ್ತಾರೆ. ಈ ಎರಡನೆಯ ಗುಂಪಿನವರಿಗೆ ಆಸಕ್ತಿಯಿಲ್ಲವೆಂದಲ್ಲ. ಅವರ ಆಸಕ್ತಿಯ ಸರದಿ ಬರುವ ಮೊದಲೇ ಪಟ್ಟಿ ಮುಕ್ಕಾಲು ಪಾಲು ಖಾಲಿಯಾಗಿರುತ್ತದೆ. ನಿಮ್ಮ ಮಗ ಹದಿನೈದರಲ್ಲಿ ಪಟ್ಟಿಯನ್ನು ಹೇಗೆ ಓದಿದ್ದಾನು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಹೀಗೆ ಓದುವುದರ ಹಿಂದೆ ಒಂದು ಲೆಕ್ಕಾಚಾರವಿದೆ, ಅದು ಅವಿವೇಕದ ಲೆಕ್ಕಾಚಾರವೂ ಅಲ್ಲ. ರಿಚರ್ಡ್ ಬ್ರೀನ್ ಮತ್ತು ಜಾನ್ ಗೋಲ್ಡ್‌ಥಾರ್ಪ್ ಎಂಬ ಸಮಾಜಶಾಸ್ತ್ರಜ್ಞರು 1997ರಲ್ಲಿ ಇದನ್ನು ಸರಳವಾಗಿ ವಿವರಿಸಿದರು: ಪ್ರತಿ ಕುಟುಂಬವೂ ಮೊಟ್ಟಮೊದಲು ತಾನಿರುವ ಮಟ್ಟದಿಂದ ಕೆಳಗೆ ಜಾರದಂತೆ ನೋಡಿಕೊಳ್ಳುತ್ತದೆ, ಮೇಲೇರುವ ಮಾತು ಅದಾದ ಮೇಲಿನದು. ಓದಿದವರ ಮನೆಯಲ್ಲಿ ಪದವಿ ಇಲ್ಲದಿರುವುದೇ ಜಾರುವಿಕೆ. ಆದ್ದರಿಂದ ಸಾಧಾರಣ ಅಂಕದ ಮಗುವನ್ನೂ ಹೇಗಾದರೂ ಪದವಿಯವರೆಗೆ ತಳ್ಳುತ್ತಾರೆ. ಸಂಬಳ ನಿಂತದ್ದನ್ನು ಕಂಡ ಮನೆಯಲ್ಲಿ ಜಾರುವಿಕೆಯೆಂದರೆ ದುಡಿಮೆಯಿಲ್ಲದಿರುವುದು. ನಾಲ್ಕೈದು ವರ್ಷ ಓದಿ, ಮಧ್ಯದಲ್ಲಿ ಏನಾದರೂ ಎಡವಟ್ಟಾಗಿ, ಕೈಯಲ್ಲಿ ಅರ್ಧ ಪದವಿ ಮಾತ್ರ ಉಳಿಯುವುದು. ಎರಡು ವರ್ಷದ ತಾಂತ್ರಿಕ ಕೋರ್ಸ್ ಆ ಭಯಕ್ಕೆ ಅತ್ಯಂತ ಸಮರ್ಪಕವಾದ ಉತ್ತರ. ಬಹುಶಃ ನಿಮ್ಮ ಮಗ ಆಯ್ದುಕೊಂಡದ್ದು ಒಂದು ವಿಷಯವನ್ನಲ್ಲ, ಒಂದು ಭದ್ರತೆಯನ್ನು.

‘ಆದರೆ ಅಷ್ಟರಲ್ಲಿ ನಮ್ಮ ಪರಿಸ್ಥಿತಿ ಸುಧಾರಿಸಿತ್ತಲ್ಲ, ಶುಲ್ಕ ಕಟ್ಟುತ್ತೇವೆ ಎಂದು ಹೇಳಿದ್ದೆವಲ್ಲ’ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ದೊಡ್ಡವರಿಗೆ ಕೆಲಸ ಸಿಕ್ಕ ದಿನ ಕಷ್ಟ ಮುಗಿಯುತ್ತದೆ, ಮಕ್ಕಳಿಗೆ ಹಾಗಾಗುವುದಿಲ್ಲ. ಮಾತಿನ ಮೇಲೆ ಎಷ್ಟು ಭರವಸೆಯಿಡಬಹುದು ಎಂಬುದನ್ನು ಅವರು ವರ್ಷಗಟ್ಟಲೆ ಅಳೆಯುತ್ತಾ ಬಂದಿರುತ್ತಾರೆ. ಇದನ್ನು ವಿವರಿಸಲು ಒಂದು ಪ್ರಯೋಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮಗುವಿನ ಮುಂದೆ ಒಂದು ಮಿಠಾಯಿಯಿಟ್ಟು, ಹದಿನೈದು ನಿಮಿಷ ತಿನ್ನದೆ ಕಾದರೆ ಇನ್ನೊಂದು ಕೊಡುತ್ತೇನೆ ಎಂದು ಹೇಳಿ ಹೊರಗೆ ಹೋಗುವ ಪ್ರಯೋಗವನ್ನು ನೀವು ಕೇಳಿರಬಹುದು. 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಆರಂಭಿಸಿದ ಈ ಬಗೆಯ ಪ್ರಯೋಗಗಳ ಆಧಾರದ ಮೇಲೆ, ಕಾಯಬಲ್ಲ ಮಕ್ಕಳೇ ಮುಂದೆ ಓದಿನಲ್ಲಿ ಗೆಲ್ಲುತ್ತಾರೆ ಎಂಬ ಮಾತು ಜಗತ್ತಿನಾದ್ಯಂತ ಹರಡಿತು. ಸಂಯಮವು ಹುಟ್ಟುಗುಣ, ಅದಿದ್ದವರು ಓದುತ್ತಾರೆ, ಇಲ್ಲದವರು ಬಿಡುತ್ತಾರೆ ಎಂಬ ತೀರ್ಮಾನಕ್ಕೆ ಬಹಳ ಜನ ಬಂದರು. 2013ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಇದಕ್ಕೆ ಒಂದು ಸಣ್ಣ ಮುನ್ನುಡಿಯನ್ನು ಸೇರಿಸಿದರು. ಮೂರರಿಂದ ಐದು ವರ್ಷದ ಮಕ್ಕಳಿಗೆ ಚಿತ್ರ ಬರೆಯಲು ಹಳೆಯ ಬಣ್ಣದ ಕಡ್ಡಿಗಳನ್ನು ಕೊಟ್ಟು, ಸ್ವಲ್ಪ ಕಾದರೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ತರುತ್ತೇನೆ ಎಂದು ಹೇಳಿ ಹೋದರು. ಅರ್ಧದಷ್ಟು ಮಕ್ಕಳಿಗೆ ಹೇಳಿದಂತೆಯೇ ತಂದುಕೊಟ್ಟರು. ಉಳಿದರ್ಧ ಮಕ್ಕಳ ಬಳಿಗೆ ಬರಿಗೈಯಲ್ಲಿ ಮರಳಿ, ಕ್ಷಮಿಸು, ನಮ್ಮ ಬಳಿ ಅದು ಇಲ್ಲವಂತೆ ಎಂದರು. ಮಿಠಾಯಿಯ ಪರೀಕ್ಷೆ ನಡೆದದ್ದು ಇದಾದ ಮೇಲೆ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ ಸುಮಾರು 12 ನಿಮಿಷ ಕಾದರು. ಬರಿಗೈ ಕಂಡ ಮಕ್ಕಳು ಸುಮಾರು 3 ನಿಮಿಷ. ಭಾಗವಹಿಸಿದ್ದು 28 ಮಕ್ಕಳು ಮಾತ್ರ, ಆದ್ದರಿಂದ ಇದೊಂದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಬಾರದು. ಆದರೆ 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಬಳಸಿ ಮಿಶೆಲ್ ಅವರ ಪರೀಕ್ಷೆಯನ್ನು ಮರುಪರಿಶೀಲಿಸಿದಾಗ, ಕಾಯುವ ಶಕ್ತಿಗೂ ಮುಂದಿನ ಓದಿಗೂ ಇದೆಯೆಂದು ಭಾವಿಸಿದ್ದ ನಂಟು, ಕುಟುಂಬದ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಬಹಳಷ್ಟು ತೆಳುವಾಯಿತು.

ದೀರ್ಘಾವಧಿಯ ಓದು ಎಂದರೆ ಈ ಕಾಯುವಿಕೆಯೇ. ಇಂದು ದುಡಿಯಬಹುದಾದ ವರ್ಷಗಳನ್ನು ಬಿಟ್ಟುಕೊಟ್ಟರೆ ಐದಾರು ವರ್ಷದ ನಂತರ ಹೆಚ್ಚು ಸಿಗುತ್ತದೆ ಎಂಬುದು ವಾಗ್ದಾನ. ನಿಮ್ಮ ಮಗ ಎಂಟರಿಂದ ಹದಿನೈದರವರೆಗೆ ಕಂಡದ್ದು, ಮುಂದಿನ ತಿಂಗಳು ಸರಿಹೋಗುತ್ತದೆ ಎಂಬ ಮಾತು ಪ್ರತಿ ತಿಂಗಳೂ ಮುಂದಕ್ಕೆ ಹೋಗುತ್ತಿದ್ದುದನ್ನು. ನೀವು ಸುಳ್ಳು ಹೇಳಿದಿರಿ ಎಂದು ನಾನು ಹೇಳುತ್ತಿಲ್ಲ. ಕಷ್ಟದಲ್ಲಿರುವ ಯಾವ ತಾಯಿಯಾದರೂ ಹಾಗೆಯೇ ಹೇಳುತ್ತಾಳೆ. ಬಾಡಿಗೆ, ಬಡ್ಡಿ, ಗಡುವು ಎಂಬ ಪದಗಳನ್ನು ಮಗು ಪಕ್ಕದ ಕೋಣೆಯಲ್ಲಿ ಮಲಗಿಕೊಂಡು ಕೇಳಿಸಿಕೊಂಡಿರುತ್ತದೆ, ಮರುದಿನ ಆ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಶುಲ್ಕದ ಚಿಂತೆ ಬೇಡ ಎಂದು ನೀವು ಹದಿನೈದನೆಯ ವರ್ಷದಲ್ಲಿ ಹೇಳಿದಾಗ ಅವನ ಬಳಿ ಏಳು ವರ್ಷದ ಅನುಭವವಿತ್ತು, ಹೊಸ ಕೆಲಸಕ್ಕೆ ಇನ್ನೂ ವರ್ಷ ತುಂಬಿತ್ತೋ ಇಲ್ಲವೋ. ಅವನು ಅನುಭವವನ್ನು ನಂಬಿದ.

ಬಡತನದ ಮನೆಯಲ್ಲಿ ಬುದ್ಧಿಯೇ ಮಂದವಾಗುತ್ತದೆ ಎಂಬ ಇನ್ನೊಂದು ಮಾತು ಇದಕ್ಕೆ ಅಂಟಿಕೊಂಡೇ ಬರುತ್ತದೆ; ಅದನ್ನೂ ಇಲ್ಲಿಯೇ ನಿವಾರಿಸಿಬಿಡುತ್ತೇನೆ. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿನ ಮೊದಲು ಮತ್ತು ಕಟಾವಾಗಿ ಹಣ ಬಂದ ಮೇಲೆ ಒಂದೇ ಬಗೆಯ ಬುದ್ಧಿ ಪರೀಕ್ಷೆಗಳನ್ನು ಕೊಟ್ಟು ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದೇ ರೈತ, ಅದೇ ತಲೆ. ಆದರೆ ಕೈ ಖಾಲಿಯಿದ್ದಾಗ ಅಂಕ ಕಡಿಮೆ, ಹಣ ಬಂದ ಮೇಲೆ ಹೆಚ್ಚು. ಮನಸ್ಸಿನ ಒಂದು ಭಾಗ ಸಾಲದ ಲೆಕ್ಕದಲ್ಲಿ ತೊಡಗಿರುವುದರಿಂದ ಉಳಿದದ್ದಕ್ಕೆ ಜಾಗ ಸಾಲದಾಗುತ್ತದೆ ಎಂಬುದು ಸಂಶೋಧಕರಾದ ಸೆಂಧಿಲ್ ಮುಲ್ಲೈನಾಥನ್ ಮತ್ತು ಅವರ ಸಹೋದ್ಯೋಗಿಗಳು ಕೊಟ್ಟ ವಿವರಣೆ. ಹಾಗೆ ನೋಡಿದರೆ ನಿಮ್ಮ ಮಗನ ಶೇ 86 ಅಂಕಗಳ ಬೆಲೆ ಅಂಕಪಟ್ಟಿಯಲ್ಲಿ ಕಾಣುವುದಕ್ಕಿಂತ ಹೆಚ್ಚೇ.

ಈಗ ಮೊದಲ ಐದು ವರ್ಷಗಳ ಮಾತಿಗೆ ಬರೋಣ. ಎಳೆಯ ವಯಸ್ಸು ಮುಖ್ಯ ಎಂಬುದರಲ್ಲಿ ತಕರಾರಿಲ್ಲ. ಪೌಷ್ಟಿಕತೆ, ಮಾತು, ಅಪ್ಪುಗೆ, ನಿದ್ದೆ ಇವುಗಳ ಕೊರತೆ ಆಗ ಆಳವಾಗಿ ತಾಗುತ್ತದೆ. ಆದರೆ ‘ಅಲ್ಲಿಗೇ ಮುಗಿಯಿತು’ ಎಂಬುದಕ್ಕೆ ಆಧಾರವಿಲ್ಲ. ನಿಮ್ಮ ಮನೆಯನ್ನೇ ನೋಡಿ. ಮಗನ ಮೊದಲ ಎಂಟು ವರ್ಷ ನೆಮ್ಮದಿಯಾಗಿಯೇ ಕಳೆದಿವೆ, ಮಗಳ ಮೊದಲ ಏಳು ವರ್ಷ ಸಾಲದಲ್ಲಿ ಕಳೆದಿವೆ. ಭಾಷಣಕಾರರ ಮಾತು ಪೂರ್ತಿ ನಿಜವಾಗಿದ್ದರೆ ಹಿಂದೆ ಸರಿಯಬೇಕಾದವಳು ಮಗಳು. ಒಂದು ಮನೆಯ ಉದಾಹರಣೆಯಿಂದ ನಿಯಮ ಮಾಡಲಾಗದು ನಿಜ, ಆದರೆ ದೊಡ್ಡ ಪ್ರಮಾಣದ ಪುರಾವೆಯೂ ಇದೆ. ಅಮೆರಿಕದಲ್ಲಿ 1994ರಿಂದ ನಡೆದ ಒಂದು ಪ್ರಯೋಗದಲ್ಲಿ ಬಡತನ ದಟ್ಟವಾಗಿದ್ದ ಬಡಾವಣೆಗಳ ಸುಮಾರು 4,600 ಕುಟುಂಬಗಳ ಪೈಕಿ ಕೆಲವರಿಗೆ ಲಾಟರಿ ಎತ್ತಿ, ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಬಾಡಿಗೆ ನೆರವು ಕೊಡಲಾಯಿತು. ಆ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಎಂಬುದನ್ನು ರಾಜ್ ಚೆಟ್ಟಿ, ನಥಾನಿಯಲ್ ಹೆಂಡ್ರೆನ್ ಮತ್ತು ಲಾರೆನ್ಸ್ ಕಾಟ್ಜ್ 2016ರಲ್ಲಿ ಪ್ರಕಟಿಸಿದರು. ಹದಿಮೂರು ವರ್ಷದೊಳಗೆ ಸ್ಥಳಾಂತರಗೊಂಡವರಲ್ಲಿ ಕಾಲೇಜಿಗೆ ಹೋದವರ ಪ್ರಮಾಣವೂ ಮುಂದಿನ ಗಳಿಕೆಯೂ ಹೆಚ್ಚಿದ್ದವು. ಹದಿಮೂರು ದಾಟಿ ಹೋದವರಿಗೆ ಆ ಲಾಭ ಸಿಗಲಿಲ್ಲ. ನೆಲೆ ಕಿತ್ತುಕೊಂಡು ಹೋಗುವುದರ ನಷ್ಟವೇ ಅವರಲ್ಲಿ ಸ್ವಲ್ಪ ಮಟ್ಟಿಗೆ ಕಂಡಿತು. ಒಳ್ಳೆಯ ಪರಿಸರದಲ್ಲಿ ಎಷ್ಟು ವರ್ಷ ಬೆಳೆದರು ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಮಗಳಿಗೆ ಏಳರಿಂದ ಈಚೆಗೆ ಎಂಟು ವರ್ಷಗಳ ಸ್ಥಿರತೆ ಸಿಕ್ಕಿದೆ. ಮಗನಿಗೆ ಆ ಸ್ಥಿರತೆ ಬಂದದ್ದು ನಿರ್ಧಾರದ ಹೊಸ್ತಿಲಲ್ಲಿ ನಿಂತಿದ್ದಾಗ.

ಆ ನಡುವಿನ ವಯಸ್ಸಿನ ಬಗ್ಗೆ ನಾನು ಸ್ವಲ್ಪ ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಕ್ಕಳು ವೃತ್ತಿಯನ್ನು ಆರಿಸಿಕೊಳ್ಳುವುದಕ್ಕಿಂತ ಬಹಳ ಮೊದಲೇ ವೃತ್ತಿಗಳನ್ನು ತಳ್ಳಿಹಾಕತೊಡಗುತ್ತಾರೆ ಎಂದು ಮನಶ್ಶಾಸ್ತ್ರಜ್ಞೆ ಲಿಂಡಾ ಗಾಟ್‌ಫ್ರೆಡ್‌ಸನ್ 1981ರಲ್ಲಿ ಮಂಡಿಸಿದ ಸಿದ್ಧಾಂತ ನನ್ನ ಕೆಲಸದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಆರರಿಂದ ಎಂಟರ ವಯಸ್ಸಿನಲ್ಲಿ ಇದು ಗಂಡಸರ ಕೆಲಸ, ಇದು ಹೆಂಗಸರ ಕೆಲಸ ಎಂದು ಒಂದಷ್ಟು ದಾರಿಗಳನ್ನು ಮಗು ಮುಚ್ಚಿಕೊಳ್ಳುತ್ತದೆ. ಒಂಬತ್ತರಿಂದ ಹದಿಮೂರರ ನಡುವೆ ‘ನಮ್ಮಂಥವರಿಗೆ ಇದು ಎಟುಕುವುದಲ್ಲ’ ಎಂದು ಇನ್ನಷ್ಟನ್ನು ಮುಚ್ಚಿಕೊಳ್ಳುತ್ತದೆ. ಒಮ್ಮೆ ಮುಚ್ಚಿದ ಬಾಗಿಲ ಕಡೆ ಅದು ತಾನಾಗಿಯೇ ಮತ್ತೆ ನೋಡುವುದು ಅಪರೂಪ. ಕೇಳಿದರೆ ‘ನನಗೆ ಇಷ್ಟವಿಲ್ಲ’ ಎಂದಷ್ಟೇ ಹೇಳುತ್ತದೆ, ಹಾಗೆ ಹೇಳುವಾಗ ಅದು ನಿಜವನ್ನೇ ಹೇಳುತ್ತಿರುತ್ತದೆ. ನಿಮ್ಮ ಮಗನ ಒಂಬತ್ತರಿಂದ ಹದಿಮೂರು, ಮನೆಗಳೂ ಶಾಲೆಗಳೂ ಬದಲಾದ ವರ್ಷಗಳು. ಹೊಸ ಶಾಲೆಯಲ್ಲಿ ಅವನನ್ನು ಬಲ್ಲ ಶಿಕ್ಷಕರಿರಲಿಲ್ಲ, ‘ನಿನ್ನಿಂದ ಆಗುತ್ತದೆ’ ಎಂದು ಎರಡು ಮೂರು ವರ್ಷ ಸತತವಾಗಿ ಹೇಳುವವರಿರಲಿಲ್ಲ.

‘ನಮ್ಮಂಥವರು’ ಎಂಬ ಈ ಭಾವನೆ ಮನೆಯಲ್ಲಿ ಮಾತ್ರ ಹುಟ್ಟುವುದಲ್ಲ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ನಡೆಸಿದ ಪ್ರಯೋಗದಲ್ಲಿ ಶಾಲಾ ಬಾಲಕರಿಗೆ ಕಾಗದದ ಮೇಲಿನ ಚಕ್ರವ್ಯೂಹದ ಒಗಟುಗಳನ್ನು ಬಿಡಿಸಲು ಕೊಡಲಾಯಿತು. ಜಾತಿಯ ಪ್ರಸ್ತಾಪವಿಲ್ಲದಿದ್ದಾಗ ಮೇಲ್ಜಾತಿ, ಕೆಳಜಾತಿ ಎನಿಸಿಕೊಂಡ ಬಾಲಕರ ಸಾಧನೆಯಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಬಿಡಿಸುವ ಮೊದಲು ಪ್ರತಿಯೊಬ್ಬರ ಜಾತಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದಾಗ ಕೆಳಜಾತಿಯ ಬಾಲಕರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿಯಿತು. ಸಾಮರ್ಥ್ಯ ಅದೇ ಇತ್ತು. ಸಮಾಜ ತನ್ನನ್ನು ಎಲ್ಲಿಟ್ಟಿದೆ ಎಂಬುದು ನೆನಪಿಗೆ ಬಂತು, ಅಷ್ಟೇ. ಇದಕ್ಕೆ ವಿರುದ್ಧ ದಿಕ್ಕಿನ ಪುರಾವೆಯೂ ನಮ್ಮ ದೇಶದಲ್ಲಿಯೇ ಸಿಕ್ಕಿದೆ. ಪಂಚಾಯಿತಿ ಅಧ್ಯಕ್ಷ ಸ್ಥಾನಗಳಲ್ಲಿ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಡುವ ವ್ಯವಸ್ಥೆ 1993ರ ನಂತರ ಬಂದಾಗ, ಪಶ್ಚಿಮ ಬಂಗಾಳದಲ್ಲಿ ಎರಡು ಅವಧಿಗೆ ಮಹಿಳಾ ಅಧ್ಯಕ್ಷರನ್ನು ಕಂಡ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಓದಿನ ಬಗ್ಗೆ ಹೆತ್ತವರಿಗಿದ್ದ ನಿರೀಕ್ಷೆಯೂ ಆ ಹುಡುಗಿಯರ ಸ್ವಂತ ಆಸೆಯೂ ಎತ್ತರಗೊಂಡದ್ದನ್ನು 2012ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ಕಣ್ಣೆದುರು ಯಾರಿದ್ದಾರೆ ಎಂಬುದರಿಂದ ಏನು ಸಾಧ್ಯ ಎಂಬುದರ ಅಂದಾಜು ಬದಲಾಗುತ್ತದೆ. ನಿಮ್ಮ ಮಗಳಿಗೆ ಸಂಶೋಧನೆಯ ಆಸೆ ಎಲ್ಲಿಂದ ಬಂತು ಎಂದು ನೀವು ಬರೆದಿಲ್ಲ. ವಿಚಾರಿಸಿ ನೋಡಿ, ಒಬ್ಬ ಶಿಕ್ಷಕಿಯೋ ಗೆಳತಿಯ ಅಕ್ಕನೋ ಸಿಕ್ಕಾರು.

ವ್ಯವಸ್ಥೆಯ ಪಾತ್ರವನ್ನೂ ಹೇಳದಿದ್ದರೆ ನಿಮ್ಮೊಬ್ಬರ ಮೇಲೆಯೇ ಭಾರ ಹೊರಿಸಿದಂತಾಗುತ್ತದೆ. ಯಾವ ವಯಸ್ಸಿನಲ್ಲಿ ದಾರಿ ಕವಲೊಡೆಯಬೇಕು ಎಂಬುದನ್ನು ನಿರ್ಧರಿಸುವುದು ಮನೆಯಲ್ಲ, ಶಿಕ್ಷಣ ವ್ಯವಸ್ಥೆ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೆಯ ತರಗತಿ ಮುಗಿದೊಡನೆ, ಅಂದರೆ ಸುಮಾರು ಹತ್ತನೆಯ ವಯಸ್ಸಿಗೇ, ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ಫಿನ್ಲೆಂಡಿನಲ್ಲೂ ಒಂದು ಕಾಲಕ್ಕೆ ಹನ್ನೊಂದನೆಯ ವಯಸ್ಸಿಗೆ ಇಂಥ ವಿಂಗಡಣೆ ನಡೆಯುತ್ತಿತ್ತು. 1972ರಿಂದ 1977ರ ನಡುವೆ ಹಂತಹಂತವಾಗಿ ಅದನ್ನು ಹದಿನಾರಕ್ಕೆ ಮುಂದೂಡಿದರು. ತಂದೆಯ ಆದಾಯ ಮಗನ ಆದಾಯವನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬ ಅಳತೆಯನ್ನು ಇದು ಸುಮಾರು ಕಾಲು ಭಾಗದಷ್ಟು ತಗ್ಗಿಸಿತು ಎಂದು ಅಲ್ಲಿನ ಅರ್ಥಶಾಸ್ತ್ರಜ್ಞರು 2009ರಲ್ಲಿ ತೋರಿಸಿದರು. ಬೇಗ ಆಯ್ದುಕೋ ಎಂದಷ್ಟೂ ಮಗು ತನ್ನ ಮನೆಯನ್ನೇ ಆಯ್ದುಕೊಳ್ಳುತ್ತದೆ. ತಡವಾದಷ್ಟೂ ಶಾಲೆಗೆ ಪ್ರಭಾವ ಬೀರಲು ಸಮಯ ಸಿಗುತ್ತದೆ. ನಿಮ್ಮ ಮಗ ಇನ್ನೆರಡು ವರ್ಷ ತಡವಾಗಿ, ಹದಿನೇಳರಲ್ಲಿ, ತಂದೆಯ ಸಂಬಳ ಎರಡು ವರ್ಷ ನಿಯಮಿತವಾಗಿ ಬಂದದ್ದನ್ನು ಕಂಡ ಮೇಲೆ ತೀರ್ಮಾನಿಸುವಂತಿದ್ದರೆ ಬೇರೆಯದನ್ನು ಆಯ್ದುಕೊಳ್ಳುತ್ತಿದ್ದನೋ ಏನೋ.

ಮಾಹಿತಿ ಕೊಟ್ಟರೆ ಸಾಕು, ಮಕ್ಕಳು ಸರಿಯಾದುದನ್ನು ಆರಿಸಿಕೊಳ್ಳುತ್ತಾರೆ ಎಂದು ನಂಬುವ ಸಹೋದ್ಯೋಗಿಗಳು ನನಗಿದ್ದಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಡೊಮಿನಿಕನ್ ಗಣರಾಜ್ಯದಲ್ಲಿ ರಾಬರ್ಟ್ ಜೆನ್ಸನ್ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟನೆಯ ತರಗತಿಯ ಹುಡುಗರು, ಮುಂದೆ ಓದಿದರೆ ಸಿಗುವ ಹೆಚ್ಚುವರಿ ಗಳಿಕೆಯನ್ನು ವಾಸ್ತವಕ್ಕಿಂತ ಬಹಳ ಕಡಿಮೆಯೆಂದು ಅಂದಾಜಿಸಿದ್ದರು. ಸರಿಯಾದ ಅಂಕಿಗಳನ್ನು ತಿಳಿಸಿದ ಶಾಲೆಗಳಲ್ಲಿ ಹುಡುಗರು ಹೆಚ್ಚು ಕಾಲ ಓದಿದರು; ಆದರೆ ಅತ್ಯಂತ ಬಡ ಮನೆಗಳ ಹುಡುಗರಲ್ಲಿ ಆ ಬದಲಾವಣೆ ಹೆಚ್ಚುಕಡಿಮೆ ಇರಲಿಲ್ಲ. ತಿಳಿವಳಿಕೆ ಬಂತು, ದಾರಿ ತೆರೆಯಲಿಲ್ಲ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕಾಲೇಜಿನ ಆರ್ಥಿಕ ನೆರವಿನ ಕುರಿತು ಮಾಹಿತಿ ಮಾತ್ರ ಪಡೆದ ಕುಟುಂಬಗಳಲ್ಲಿ ಏನೂ ಬದಲಾಗಲಿಲ್ಲ. ಯಾರೋ ಪಕ್ಕದಲ್ಲಿ ಕುಳಿತು ಅರ್ಜಿಯನ್ನು ತುಂಬಿಸಿಕೊಟ್ಟ ಕುಟುಂಬಗಳ ಮಕ್ಕಳು ಹೆಚ್ಚಿನ ಸಂಖ್ಯೆಯಲ್ಲಿ ಕಾಲೇಜು ಸೇರಿದರು. ಹಾಗಾಗಿ ನಿಮ್ಮ ಮಗನಿಗೆ ಪದವಿಯ ಮಹತ್ವವನ್ನು ಮತ್ತೊಮ್ಮೆ ವಿವರಿಸುವುದರಿಂದ ಪ್ರಯೋಜನವಾಗದು. ಬಡ್ತಿ ಕೈತಪ್ಪುವುದನ್ನು ದಿನವೂ ಕಾಣುತ್ತಿರುವ ಅವನಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು.

ನೀವು ತಪ್ಪಿದಿರೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲ ಎಂದೇ. ಅದಕ್ಕಿಂತ ಮುಖ್ಯವಾಗಿ, ಅವನೂ ತಪ್ಪಿಲ್ಲ. ಅಂದಿನ ಅವನ ತಿಳಿವಳಿಕೆಗೆ ಆ ನಿರ್ಧಾರ ಸರಿಯಾಗಿತ್ತು. ಅದರಿಂದ ಅವನಿಗೆ ಕಸುಬು ಬಂದಿದೆ, ಸ್ವಂತ ದುಡಿಮೆ ಇದೆ. ತಾಂತ್ರಿಕ ಕೋರ್ಸನ್ನು ಸೋಲೆಂದು ನೋಡುವ ದೃಷ್ಟಿಯನ್ನು ಮನೆಯೊಳಗೆ ಮೊದಲು ಬಿಡಬೇಕು. ಆ ದೃಷ್ಟಿ ಇರುವವರೆಗೂ ಪದವಿಯ ಮಾತೆತ್ತಿದಾಗಲೆಲ್ಲ ಅವನಿಗೆ ‘ನೀನು ಕಡಿಮೆಯವನು’ ಎಂದೇ ಕೇಳಿಸುತ್ತದೆ. ಪರಿಶೀಲಿಸಬೇಕಾದದ್ದು ಇಷ್ಟು: ಹದಿನೈದರಲ್ಲಿ ಯಾವ ಭಯಕ್ಕೆ ಅವನು ಉತ್ತರ ಕೊಟ್ಟುಕೊಂಡನೋ ಆ ಭಯ ಇಪ್ಪತ್ಮೂರರಲ್ಲಿಯೂ ಇದೆಯೇ?

ಒತ್ತಾಯ ಬೇಡ. ಮುಂದಿರುವ ದಾರಿಗಳನ್ನು ಅವುಗಳ ಅಪಾಯಸಮೇತ ಹೇಳುತ್ತೇನೆ. ಕೆಲಸ ಬಿಟ್ಟು ಪೂರ್ಣಾವಧಿ ಪದವಿಗೆ ಸೇರುವುದು ಕಾಗದದ ಮೇಲೆ ಅತ್ಯಂತ ಚೆನ್ನಾಗಿ ಕಾಣುತ್ತದೆ. ಆದರೆ ಅವನು ಬಾಲ್ಯದಿಂದ ತಪ್ಪಿಸಿಕೊಳ್ಳುತ್ತಾ ಬಂದ ಸ್ಥಿತಿಯನ್ನೇ ಅದು ಮರಳಿ ತಂದಿಡುತ್ತದೆ. ಆದಾಯ ನಿಂತ ಮೊದಲ ಕೆಲವು ತಿಂಗಳಲ್ಲೇ ಆತಂಕದಿಂದ ಓದು ಬಿಟ್ಟವರನ್ನು ನಾನು ಕಂಡಿದ್ದೇನೆ. ಕೈಯಲ್ಲಿ ಒಂದೆರಡು ವರ್ಷದ ಖರ್ಚಿಗೆ ಅವನದೇ ಉಳಿತಾಯವಿದ್ದರೆ ಮಾತ್ರ ಇದನ್ನು ಯೋಚಿಸಬಹುದು. ಕೆಲಸದ ಜೊತೆಗೆ ದೂರಶಿಕ್ಷಣ ಅಥವಾ ಸಂಜೆ ತರಗತಿಗಳ ಮೂಲಕ ಓದುವುದು ಅವನ ಸ್ವಭಾವಕ್ಕೆ ಹೆಚ್ಚು ಹೊಂದುತ್ತದೆ. ಇಲ್ಲಿಯ ಅಪಾಯ ಬೇರೆ: ಅವಧಿ ಎಳೆಯುತ್ತದೆ, ದಣಿವು ಹೆಚ್ಚು, ನಡುವೆ ಬಿಡುವವರ ಸಂಖ್ಯೆಯೂ ದೊಡ್ಡದು. ಸೇರುವ ಮೊದಲು ಆ ಪದವಿಗೆ ಮಾನ್ಯತೆಯಿದೆಯೇ, ಅವನ ಉದ್ಯೋಗದಾತರು ಅದನ್ನು ಬಡ್ತಿಗೆ ಪರಿಗಣಿಸುತ್ತಾರೆಯೇ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿಯಬೇಕು. ಈ ಒಂದು ಕೆಲಸವನ್ನು ಮಾಡದೆ ಮೂರು ವರ್ಷ ಓದಿ, ಕೊನೆಗೆ ‘ಇದು ನಡೆಯುವುದಿಲ್ಲ’ ಎಂದು ಕೇಳಿಸಿಕೊಂಡವರ ನಿರಾಶೆಯನ್ನು ವಿವರಿಸಲಾರೆ. ಅವನು ಮುಗಿಸಿದ ತಾಂತ್ರಿಕ ಕೋರ್ಸಿನ ಆಧಾರದ ಮೇಲೆ ಪದವಿಯ ಮುಂದಿನ ವರ್ಷಕ್ಕೇ ನೇರವಾಗಿ ಪ್ರವೇಶ ಸಿಗುವ ಅವಕಾಶವಿದ್ದರೆ ಅದು ಅತ್ಯುತ್ತಮ, ಏಕೆಂದರೆ ಅವನ ಹಳೆಯ ಆಯ್ಕೆ ಅಲ್ಲಿ ವ್ಯರ್ಥವಾಗುವುದಿಲ್ಲ. ಪದವಿಯ ಗೊಡವೆಯೇ ಬೇಡ, ತನ್ನ ಕೆಲಸದಲ್ಲೇ ಮೇಲಿನ ಹಂತದ ಪ್ರಮಾಣಪತ್ರ ಪಡೆಯುತ್ತೇನೆ ಎಂದು ಅವನು ಹೇಳಿದರೆ ಅದೂ ಗೌರವದ ದಾರಿಯೇ. ಸಂಸ್ಥೆ ಬದಲಾಯಿಸಬೇಕಾಗಿ ಬಂದಾಗ ಅದರ ಬೆಲೆ ಎಷ್ಟು ಉಳಿಯುತ್ತದೆ ಎಂಬುದನ್ನು ಮಾತ್ರ ನೋಡಿಕೊಳ್ಳಲಿ.

ಮಾತು ಆರಂಭಿಸುವ ಬಗೆಯ ಬಗ್ಗೆ ಒಂದು ಸೂಚನೆ. ‘ಈಗಲಾದರೂ ಓದು’ ಎನ್ನುವ ಬದಲು ‘ಆಗ ನೀನು ಆ ಕೋರ್ಸನ್ನೇ ಏಕೆ ಆಯ್ದುಕೊಂಡೆ ಎಂದು ನಾವು ಕೇಳಲೇ ಇಲ್ಲ, ಹೇಳುತ್ತೀಯಾ’ ಎಂದು ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ, ನಡುವೆ ಸಮರ್ಥನೆ ಕೊಡಬೇಡಿ. ತಂದೆಯವರೂ ಆ ಹೊತ್ತಿನಲ್ಲಿ ಜೊತೆಗಿದ್ದರೆ ಒಳ್ಳೆಯದು. ಕೆಲಸ ಹೋದ ವರ್ಷಗಳ ಬಗ್ಗೆ ಬಹಳ ಮನೆಗಳಲ್ಲಿ ತಂದೆ-ಮಗ ಒಮ್ಮೆಯೂ ಬಾಯಿಬಿಟ್ಟು ಮಾತನಾಡಿರುವುದಿಲ್ಲ. ಹಣದ ನೆರವು ಕೊಡುವುದಾದರೆ ಅದನ್ನು ಮಾತಿನಲ್ಲಿ ಇಡಬೇಡಿ. ಅವನ ಹೆಸರಿನ ಖಾತೆಯಲ್ಲಿ ಮೊದಲ ವರ್ಷದ ಶುಲ್ಕವನ್ನು ಹಾಕಿಡಿ. ಓದಿದರೂ ಓದದಿದ್ದರೂ ಅದು ನಿನ್ನದೇ ಎಂದು ತಿಳಿಸಿ. ಅವನು ಮಾತಿಗಿಂತ ಖಾತೆಯನ್ನು ನಂಬುವ ಹಾಗೆ ಬೆಳೆದವನು.

ಮಗಳ ಆಸೆಯನ್ನು ನಂಬಿ. ಶೇ 74 ಅಂಕ ಸಂಶೋಧನೆಗೆ ಅಡ್ಡಿಯಲ್ಲ. ಆದರೆ ಆಸೆಗೂ ಸಿದ್ಧತೆಗೂ ನಡುವೆ ಅಂತರವಿದ್ದರೆ ಅದನ್ನು ಮುಚ್ಚಿಡಬಾರದು. ಯಾವ ವಿಷಯದಲ್ಲಿ ಆಸಕ್ತಿ, ಆ ವಿಷಯದಲ್ಲಿ ಅಂಕ ಎಷ್ಟು, ಯಾವ ಅಧ್ಯಾಯಗಳಲ್ಲಿ ತೊಡಕು ಎಂಬುದನ್ನು ಅವಳ ಶಿಕ್ಷಕರೊಂದಿಗೆ ಕುಳಿತು ನೋಡಿ. ಒಟ್ಟು ಶೇಕಡಾವಾರು ಅಂಕ ಈ ವಿಚಾರದಲ್ಲಿ ಏನನ್ನೂ ಹೇಳುವುದಿಲ್ಲ. ತನ್ನ ವಿಷಯದಲ್ಲಿ ತೊಂಬತ್ತು, ಉಳಿದವುಗಳಲ್ಲಿ ಅರವತ್ತೈದು ಬಂದರೂ ಸರಾಸರಿ ಎಪ್ಪತ್ತರ ಸುತ್ತಲೇ ಇರುತ್ತದೆ. ಅಭಿರುಚಿ ಪರೀಕ್ಷೆ ಎಂದು ದುಡ್ಡು ಪಡೆದು ಬಣ್ಣದ ವರದಿ ಕೊಡುವವರ ಬಳಿಗೆ ಓಡಬೇಡಿ. ಅವುಗಳಲ್ಲಿ ಬಹಳಷ್ಟು ವರದಿಗಳು ಜಾತಕದ ಹಾಗಿರುತ್ತವೆ, ಯಾರಿಗೆ ಓದಿ ಹೇಳಿದರೂ ಹೊಂದುತ್ತವೆ. ಅದರ ಬದಲು ಅವಳು ಮಾಡಬಯಸುವ ಕೆಲಸವನ್ನೇ ಮಾಡುತ್ತಿರುವ ಒಬ್ಬರೊಡನೆ ಒಂದು ಮಧ್ಯಾಹ್ನ ಕಳೆಯುವ ಏರ್ಪಾಟು ಮಾಡಿ. ಪ್ರಯೋಗಾಲಯದಲ್ಲಿ ದಿನದ ಬಹುಪಾಲು ಹೇಗೆ ಕಳೆಯುತ್ತದೆ, ವಿದ್ಯಾರ್ಥಿವೇತನ ಎಷ್ಟು ತಡವಾಗಿ ಬರುತ್ತದೆ, ಎಷ್ಟು ವರ್ಷ ಅನಿಶ್ಚಿತತೆಯಲ್ಲಿ ಇರಬೇಕಾಗುತ್ತದೆ ಎಂಬುದನ್ನು ಕಂಡೂ ಅವಳು ಅದನ್ನೇ ಬಯಸಿದರೆ ನಿಮಗೂ ಧೈರ್ಯ ಬರುತ್ತದೆ.

ಅವಳ ವಿಷಯದಲ್ಲಿ ನನಗಿರುವ ಆತಂಕ ಅಂಕದ್ದಲ್ಲ. ಮಗನಿಂದ ಆಗದಿದ್ದುದನ್ನು ಮಗಳು ಮಾಡಿ ತೋರಿಸಲಿ ಎಂಬ ನಿರೀಕ್ಷೆ ನಿಮಗರಿವಿಲ್ಲದೆಯೇ ಅವಳ ಮೇಲೆ ಬೀಳಬಹುದು. ಹಾಗೆ ಹೊರಿಸಿಕೊಂಡ ಮಕ್ಕಳು ನಡುದಾರಿಯಲ್ಲಿ ವಿಷಯ ಬದಲಿಸಬೇಕೆನ್ನಿಸಿದಾಗಲೂ ಬಾಯಿ ಬಿಡುವುದಿಲ್ಲ. ಮನಸ್ಸು ಬದಲಾದರೆ ಯಾವ ಹಂತದಲ್ಲಿ, ಹೇಗೆ, ಎಷ್ಟು ನಷ್ಟದೊಂದಿಗೆ ದಾರಿ ಬದಲಿಸಬಹುದು ಎಂಬುದನ್ನು ಸೇರುವ ಮೊದಲೇ ಅವಳ ಜೊತೆ ಕುಳಿತು ಬರೆದಿಡಿ. ಅಣ್ಣನೊಡನೆ ಹೋಲಿಸುವ ಬಂಧುಗಳ ಮಾತನ್ನು ಅವಳೆದುರಿಗೇ ತಡೆಯಿರಿ. ಅಣ್ಣನ ದುಡಿಮೆಯೂ ಈ ಮನೆಯನ್ನು ಹಿಡಿದು ನಿಲ್ಲಿಸಿರುವ ಆಧಾರಗಳಲ್ಲಿ ಒಂದಾಗಿದ್ದರೆ, ಅದು ಅವಳಿಗೆ ತಿಳಿದಿರಲಿ.

ಮಗ ಈ ಮಾತುಕತೆಯ ನಂತರವೂ ಬೇಡವೆಂದರೆ ಅಲ್ಲಿಗೆ ನಿಲ್ಲಿಸಿ. ಪ್ರವೇಶದ ಅರ್ಜಿಗಳು ಯಾವ ತಿಂಗಳಲ್ಲಿ ಆರಂಭವಾಗುತ್ತವೆ, ಯಾವ ದಾಖಲೆಗಳು ಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಅವನ ಕೈಗೆ ಕೊಡಿ, ಅವನ ಹಳೆಯ ಅಂಕಪಟ್ಟಿಗಳು ಎಲ್ಲಿವೆ ಎಂದು ಹೇಳಿ. ಮುಂದಿನ ಪ್ರವೇಶದ ಅವಧಿಯವರೆಗೆ ನೀವಾಗಿ ಆ ಮಾತನ್ನು ಎತ್ತುವುದು ಬೇಡ.